ವಿಟ್ಸ್ ಯೂನಿವರ್ಸಿಟಿ ಅಂದ್ರೆ ಬರೀ ಮೂಳೆ ಅಲ್ಲ

ಜೊಹಾನ್ಸ್‌ಬರ್ಗ್‌ನ ವಿಟ್ಸ್ ಯೂನಿವರ್ಸಿಟಿ ಅಂದ್ರೆ ಸುಮಾರು ಜನಕ್ಕೆ ನೆನಪಾಗೋದು ಹೋಮೋ ನಲೇಡಿ ಅನ್ನೋ, ಈಗ ಅಳಿದುಹೋಗಿರೋ ಹಳೇ ಮಾನವ ಜಾತಿಯ ಮೂಳೆಗಳು. 2013ರಲ್ಲಿ ರೈಸಿಂಗ್ ಸ್ಟಾರ್ ಗುಹೇಲಿ ಸಿಕ್ಕಿದ್ದು, ದಾರಿ ಒಂದು ಕಡೆ ಬರೀ 18 ಸೆಂಟಿಮೀಟರ್ ಅಗಲ, ಅದಕ್ಕೇ ಸಣ್ಣ ಮೈಕಟ್ಟಿನ ಆರು ಜನ ಮಹಿಳಾ ವಿಜ್ಞಾನಿಗಳು ಒಳಗೆ ಇಳಿದ್ರು, ಕೊನೆಗೆ 1,500ಕ್ಕೂ ಹೆಚ್ಚು ಪಳೆಯುಳಿಕೆ ತುಂಡುಗಳು ಹೊರಗೆ ಬಂದ್ವು, ಅವುಗಳ ಸ್ಕ್ಯಾನ್ ಯಾರು ಬೇಕಾದ್ರೂ ಡೌನ್‌ಲೋಡ್ ಮಾಡ್ಕೊಳ್ಳಿ ಅಂತ ಫ್ರೀಯಾಗಿ ಬಿಟ್ರು, ನಂಗೆ ಮೂಳೆಗಿಂತ ಅದೇ ಜಾಸ್ತಿ ಇಷ್ಟ ಆಯ್ತು.

ಆದ್ರೆ ನನ್ನ ಕೇಳಿದ್ರೆ ಅದೇ ಯೂನಿವರ್ಸಿಟಿಯ ಅಗಿನ್‌ಕೋರ್ಟ್ ಅನ್ನೋ ಹಳ್ಳಿ ಜನರ ಆರೋಗ್ಯದ ಸ್ಟಡಿ ಇನ್ನೂ ದೊಡ್ಡ ಕೆಲಸ. ದಕ್ಷಿಣ ಆಫ್ರಿಕಾದ ಮ್ಪುಮಲಂಗ ಪ್ರಾಂತ್ಯದ ಬುಷ್‌ಬಕ್‌ರಿಜ್ ಕಡೆ ಹಳ್ಳಿಗಳಲ್ಲಿ 1992ರಿಂದ ಮನೆಮನೆಗೂ ಹೋಗಿ ಯಾರು ಹುಟ್ಟಿದ್ರು, ಯಾರು ತೀರ್ಕೊಂಡ್ರು, ಯಾರು ಕೆಲಸ ಹುಡುಕ್ಕೊಂಡು ಊರು ಬಿಟ್ರು ಅಂತ ಬರ್ಕೊಳ್ತಾನೇ ಇದಾರೆ. ಯಾರಾದ್ರೂ ತೀರ್ಕೊಂಡ್ರೆ ಮನೆಯವರ ಹತ್ರಾನೇ ಕೂತು ಏನೇನು ಲಕ್ಷಣ ಇತ್ತು ಅಂತ ಕೇಳಿ, ಅದ್ರಿಂದ ಸಾವಿನ ಕಾರಣ ಅಂದಾಜು ಮಾಡ್ತಾರೆ (ಕೇಳೋರ ಪಾಡು ನೆನೆಸ್ಕೊಳ್ಳಿ!). ಎಚ್‌ಐವಿ ಹೊಡೆತಕ್ಕೆ ಅಲ್ಲಿಯವರ ಆಯಸ್ಸು ಹೇಗೆ ಕುಸೀತು, ಅದನ್ನ ಹತೋಟೀಲಿಡೋ ಎಆರ್‌ಟಿ ಮಾತ್ರೆ ಸಿಗೋಕೆ ಶುರುವಾದ್ಮೇಲೆ ಹೇಗೆ ವಾಪಸ್ ಏರ್ತು ಅನ್ನೋದೆಲ್ಲ ಈ ಡೇಟಾದಲ್ಲಿ ಕಾಣುತ್ತೆ. ಈಗ ಅದೇ ಹಳ್ಳಿಗಳ ವಯಸ್ಸಾದವರ ಬಿಪಿ, ಶುಗರ್, ಮರೆವು ಇದ್ರ ಮೇಲೂ ಸ್ಟಡಿ ಮಾಡ್ತಿದಾರೆ, ಹೆಡ್‌ಲೈನ್ ಮಾತ್ರ ಗುಹೆಗೇ ಸಿಗುತ್ತೆ.