ಮುಳ್ಳಯ್ಯನಗಿರಿ: ಯಾವ ಕೆರೆಗೆ ಯಾವ ಹೊತ್ತು

ಮುಳ್ಳಯ್ಯನಗಿರಿಯ ನೆತ್ತಿಯಿಂದ ಕೆರೆ ನೋಡಬೇಕೆನ್ನುವವರು ಯಾವ ಕೆರೆ ಎಂದು ಮೊದಲೇ ತೀರ್ಮಾನಿಸಿಕೊಂಡು ಹೊರಡುವುದು ಒಳ್ಳೆಯದು. ಹಿರೇಕೊಳಲೆ ಕೆರೆ ಇರುವುದು ನೈಋತ್ಯಕ್ಕೆ, ಬೆಟ್ಟದ ಬುಡದಲ್ಲೇ. ಅಯ್ಯನಕೆರೆ ಈಶಾನ್ಯಕ್ಕೆ, ದೂರದ ಸಖರಾಯಪಟ್ಟಣದ ಕಡೆ. ಬೆಳಿಗ್ಗೆ ಬಿಸಿಲು ಬೆನ್ನಿಗಿರುವಾಗ ಹಿರೇಕೊಳಲೆಯ ನೀರು, ದಂಡೆಯ ಗೆರೆ ಬಿಡಿಬಿಡಿಯಾಗಿ ಕಾಣುತ್ತವೆ. ಅದೇ ಹೊತ್ತಿನಲ್ಲಿ ಪೂರ್ವಕ್ಕೆ ತಿರುಗಿದರೆ ಕಣ್ಣು ಕುಕ್ಕುವ ಬೆಳಕು ಬಿಟ್ಟು ಬೇರೇನಿಲ್ಲ. ಸಂಜೆ ನಾಲ್ಕರ ಮೇಲೆ ಇದು ತಿರುಗುಮುರುಗು: ಪೂರ್ವದ ಬಯಲು ತಿಳಿಯಾಗುತ್ತದೆ, ಹಿರೇಕೊಳಲೆ ತಗಡಿನ ಹಾಗೆ ಹೊಳೆಯುತ್ತದೆ. ಸೂರ್ಯೋದಯಕ್ಕೆಂದೇ ಓಡಿ ಬಂದವರಿಗೆ ಅಯ್ಯನಕೆರೆ ಕಾಣದಿರುವುದು ಇದೇ ಕಾರಣಕ್ಕೆ.

ನೋಂದಣಿ ಮಾಡುವಾಗಲೂ ಇದು ನೆನಪಿರಲಿ. 2025ರ ಸೆಪ್ಟೆಂಬರ್‌ನಿಂದ ಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಆನ್‌ಲೈನ್ ಮುಂಗಡ ನೋಂದಣಿ ಬಂದಿದೆ. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನದ ಮೇಲೆ ಇನ್ನೊಂದು. ಹಿರೇಕೊಳಲೆ ಬೇಕಿದ್ದರೆ ಮೊದಲನೆಯದು, ಅಯ್ಯನಕೆರೆ ಬೇಕಿದ್ದರೆ ಎರಡನೆಯದು. ಮಳೆಗೆ ಗುಡ್ಡ ಜರಿದಾಗ ದಾರಿಯನ್ನೇ ಮುಚ್ಚುವುದುಂಟು, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಚಿಕ್ಕಮಗಳೂರಿನಿಂದ ಸುಮಾರು 20 ಕಿ.ಮೀ. ಪೆಟ್ರೋಲನ್ನು ಪೇಟೆಯಲ್ಲೇ ತುಂಬಿಸಿ. ಕೈಮರ ದಾಟಿದ ಮೇಲೆ ಏರು ಶುರು, ಕವಿಕಲ್ ಗಂಡಿಯಲ್ಲಿ ಗಾಳಿ ಬೈಕನ್ನೇ ಪಕ್ಕಕ್ಕೆ ತಳ್ಳುತ್ತದೆ. ಸೀತಾಳಯ್ಯನಗಿರಿಯಿಂದ ಮುಂದಿನ ರಸ್ತೆ ಕಿರಿದು. ಶನಿವಾರ, ಭಾನುವಾರ ಎದುರು ಗಾಡಿಗೆ ಜಾಗ ಬಿಡಲು ಏರಿನಲ್ಲಿ ನಿಂತು, ಹಾಫ್ ಕ್ಲಚ್ಚಿನಲ್ಲೇ ಕಾರು ಹಿಡಿದುಕೊಂಡರೆ ಕ್ಲಚ್ ಪ್ಲೇಟು ಸುಟ್ಟ ವಾಸನೆ ಬರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ. ಇಳಿಯುವಾಗ ಮೊದಲ ಅಥವಾ ಎರಡನೇ ಗೇರು. ನ್ಯೂಟ್ರಲ್‌ನಲ್ಲಿ ಬಿಟ್ಟು ಬರೀ ಬ್ರೇಕು ತುಳಿಯುತ್ತಾ ಬಂದರೆ ಅದು ಕಾದು ಹಿಡಿತ ತಪ್ಪುತ್ತದೆ.

ಗಾಡಿ ನಿಲ್ಲಿಸಿದ ಮೇಲೆ ಮೆಟ್ಟಿಲು. ನಿಧಾನಕ್ಕೆ ಹತ್ತಿದರೂ ಅರ್ಧ ಗಂಟೆ ಸಾಕು. ನಡೆಯುವ ಹುಮ್ಮಸ್ಸಿದ್ದವರಿಗೆ ಸರ್ಪದಾರಿ ಎಂಬ ಕಾಲುದಾರಿಯಿದೆ, ಆದರೆ ಅಲ್ಲಿ ಬಹುಪಾಲು ನೆರಳಿಲ್ಲ. ತಲಾ ಎರಡು ಲೀಟರ್ ನೀರು ಇಟ್ಟುಕೊಳ್ಳಿ. ಜಾರುವುದು ಹತ್ತುವಾಗಲ್ಲ, ಇಳಿಯುವಾಗ: ಒಣಗಿದ ಸಣ್ಣ ಜಲ್ಲಿ ಬೂಟಿನಡಿ ಗುಂಡಿನಂತೆ ಉರುಳುತ್ತದೆ. ಮಳೆಗಾಲದಲ್ಲಿ ಇಂಬಳದ (ಜಿಗಣೆಯ) ಕಾಟ. ಗಾಳಿ ಬೀಸುವ ಬರೀ ಹುಲ್ಲಿನಲ್ಲಿ ಅಷ್ಟಿಲ್ಲ, ಬೆಟ್ಟದ ಮಡಿಕೆಗಳಲ್ಲಿ ಬೆಳೆಯುವ ಶೋಲಾ ಕಾಡಿನ ತೇವದಲ್ಲಿ ಹೆಚ್ಚು. ಹತ್ತಿದ್ದನ್ನು ಎಳೆದು ಕೀಳಬೇಡಿ, ಉಪ್ಪು ಇಲ್ಲವೇ ಸುಣ್ಣ ತಾಗಿಸಿದರೆ ತಾನೇ ಉದುರುತ್ತದೆ.

1,930 ಮೀಟರ್ ಎತ್ತರದ ಈ ನೆತ್ತಿ ಕರ್ನಾಟಕದಲ್ಲೇ ಅತಿ ಎತ್ತರದ್ದು. ಮುಳ್ಳಪ್ಪಸ್ವಾಮಿಯ ಗದ್ದುಗೆಗೆ ಕೈಮುಗಿದು ಅಂಚಿಗೆ ಬಂದರೆ, ಕೆರೆಗಿಂತ ಮೊದಲು ಬೆಟ್ಟದ ಮಡಿಕೆಗಳನ್ನು ನೋಡಿ. ಬೋಳು ಹುಲ್ಲಿನ ನಡುವೆ ಪ್ರತಿ ಮಡಿಕೆಯಲ್ಲೂ ಕಪ್ಪು ಹಸಿರಿನ ಒಂದು ಪಟ್ಟಿ ಇಳಿದಿರುತ್ತದೆ. ಅದು ಶೋಲಾ. ಮಳೆ ನೀರನ್ನು ಹಿಡಿದಿಟ್ಟು ಹಳ್ಳಕ್ಕೆ ಸ್ವಲ್ಪಸ್ವಲ್ಪವಾಗಿ ಬಿಡುವುದು ಅದೇ. ಪೂರ್ವದ ಹಳ್ಳಗಳ ನೀರು ಅಯ್ಯನಕೆರೆ, ಮದಗದಕೆರೆಗಳಿಗೆ ಇಳಿದು, ವೇದಾ ಮತ್ತು ಅವತಿ ಸೇರಿ ವೇದಾವತಿಯಾಗಿ, ಮಾರಿಕಣಿವೆ (ವಾಣಿವಿಲಾಸ ಸಾಗರ) ಅಣೆಕಟ್ಟು ದಾಟಿ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ. ಇದೇ ಶ್ರೇಣಿಯಲ್ಲಿ ಹುಟ್ಟುವ ಯಗಚಿ ಹೇಮಾವತಿ ಸೇರಿ ಕಾವೇರಿಗೆ. ಕೃಷ್ಣೆ ಕಾವೇರಿಗಳ ಪಾಲು ಇಲ್ಲೇ ಬೇರೆಯಾಗುತ್ತದೆ.

ಅಯ್ಯನಕೆರೆಗೆ ಗುರುತು ಶಕುನಗಿರಿ, ಗೋಪುರದಂಥ ಚೂಪು ಗುಡ್ಡ. ಅದನ್ನು ಹಿಡಿದರೆ ಕೆರೆ ಸಿಕ್ಕಂತೆ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ ಇದರ ಜೀರ್ಣೋದ್ಧಾರವಾಯಿತೆನ್ನುತ್ತಾರೆ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಕೆರೆಯೂ ತುಂಬಿರುತ್ತದೆ, ಗಾಳಿಯೂ ತಿಳಿ. ಮಾರ್ಚ್ ನಂತರ ಮಬ್ಬು. ಏಪ್ರಿಲ್, ಮೇ ಮಧ್ಯಾಹ್ನ ಗುಡುಗು ಕೇಳಿದೊಡನೆ ಇಳಿದುಬಿಡಿ, ಬೋಳು ನೆತ್ತಿಯ ಮೇಲೆ ಸಿಡಿಲಿಗೆ ಎತ್ತರದ ವಸ್ತು ನೀವೇ.

ಮಂಜು ಕವಿದರೆ ಇಪ್ಪತ್ತು ನಿಮಿಷ ಕಾಯಿರಿ. ಪಡುವಣ ಗಾಳಿ ಅದನ್ನು ತಂದ ಹಾಗೆಯೇ ಹರಿದೂ ಹಾಕುತ್ತದೆ, ಕೆರೆ ಒಂದೆರಡು ನಿಮಿಷ ಕಂಡು ಮತ್ತೆ ಮರೆಯಾಗುತ್ತದೆ. ಮೊಬೈಲಿನ ಲೆನ್ಸ್ ಒರೆಸಲು ಒಣ ಬಟ್ಟೆ ಜೇಬಿನಲ್ಲಿರಲಿ. ಇಳಿದ ಮೇಲೆ ಹಿರೇಕೊಳಲೆಗೆ ಹೋಗುವುದಾದರೆ ದಂಡೆಯ ಮೇಲೆ ನಿಂತು ನೋಡಿ ಬನ್ನಿ, ನೀರಿಗಿಳಿಯಬೇಡಿ. ಚಿಕ್ಕಮಗಳೂರಿನ ನಲ್ಲಿಗಳಿಗೆ ಬರುವ ನೀರದು.