ಎರೆಹುಳು ಡಬ್ಬಿ: ಸದ್ಯದ ಸ್ಥಿತಿ

ಅಡುಗೆಮನೆಯ ಕಸವನ್ನು ಗೊಬ್ಬರ ಮಾಡುವ ಡಬ್ಬಿಯಲ್ಲಿ ಹುಳುಗಳು ಹೆಚ್ಚಿವೆ, ಆದರೆ ಬರುವ ಸಿಪ್ಪೆ ಅದಕ್ಕಿಂತ ಜಾಸ್ತಿ. ಹುಳುಗಳು ದಿನಕ್ಕೆ ತಮ್ಮ ತೂಕದ ಅರ್ಧದಷ್ಟು ತಿನ್ನುತ್ತವೆ ಎಂಬ ಲೆಕ್ಕ ಎಲ್ಲೆಡೆ ಕೇಳಿಬರುತ್ತದೆ. ಅದನ್ನು ನಂಬಿಕೊಂಡು ಸುರಿದರೆ ಡಬ್ಬಿ ನಾರುವುದು ಖಂಡಿತ. ಹಳೆಯದು ಗುರುತು ಸಿಗದಷ್ಟು ಕರಗಿದ ಮೇಲೆ ಹೊಸದು, ಅಷ್ಟೇ.

ಉಳಿದದ್ದೆಲ್ಲ ಫ್ರೀಜರ್‌ಗೆ. ಇದು ಬರೀ ಜಾಗ ಹೊಂದಿಸುವ ಉಪಾಯ ಅಲ್ಲ. ಸಿಪ್ಪೆಯೊಳಗಿನ ನೀರು ಹೆಪ್ಪುಗಟ್ಟಿದಾಗ ಹಿಗ್ಗಿ ಜೀವಕೋಶದ ಗೋಡೆಗಳನ್ನು ಒಡೆಯುತ್ತದೆ. ಹೊರಗೆ ತೆಗೆದಿಟ್ಟ ಬಾಳೆಹಣ್ಣಿನ ಸಿಪ್ಪೆ ಸ್ವಲ್ಪ ಹೊತ್ತಿಗೇ ಕಪ್ಪಾಗಿ, ಮೆತ್ತಗಾಗಿ, ಮುಟ್ಟಿದರೆ ಜಾರುತ್ತದೆ. ಎರೆಹುಳುವಿಗೆ ಹಲ್ಲಿಲ್ಲ ಅಲ್ವಾ, ಸೂಕ್ಷ್ಮಜೀವಿಗಳು ಮೊದಲು ಕೊಳೆಸಿದ್ದನ್ನು ಅದು ಹೀರಿಕೊಳ್ಳುತ್ತದೆ. ಕೊಳೆಯುವ ಕೆಲಸ ಇಲ್ಲೇ ಅರ್ಧ ಮುಗಿದಂತೆ. ಹಣ್ಣಿನ ನೊಣಗಳ ಕಾಟವೂ ಇಳಿದಿದೆ. ಪೂರ್ತಿ ಕರಗಿ ಚಳಿ ಬಿಟ್ಟ ಮೇಲೆ ನೀರು ಬಸಿದು, ಹರಿದ ರಟ್ಟಿನ ಚೂರುಗಳ ಜೊತೆ ಒಂದು ಮೂಲೆಯಲ್ಲಿ ಹೂಳುತ್ತೇನೆ. ಮುಂದಿನ ಸಲ ಎದುರು ಮೂಲೆ. ನಿಂಬೆ, ಕಿತ್ತಳೆ ಸಿಪ್ಪೆ ಮತ್ತು ಈರುಳ್ಳಿ ಮಾತ್ರ ಬೇರೆ ಕಾಂಪೋಸ್ಟ್ ರಾಶಿಗೆ ಹೋಗುತ್ತವೆ.

ನಡುವೆ ಒಮ್ಮೆ ಬಿಳಿ ದಾರದ ತುಂಡುಗಳಂಥ ಪುಟ್ಟ ಹುಳುಗಳು ಕಂಡವು. ಇವನ್ನು ಎರೆಹುಳುವಿನ ಮರಿ ಅಂದುಕೊಳ್ಳುವವರು ತುಂಬಾ ಜನ. ಮರಿಗಳಾದರೆ ಮೈಯೊಳಗೆ ಕೆಂಪು ರಕ್ತನಾಳದ ಗೆರೆ ಕಾಣುತ್ತದೆ. ಇವು ಪೂರ್ತಿ ಬಿಳಿ. ಬೇರೆಯೇ ಜಾತಿ, ಕೇಡೇನೂ ಮಾಡುವುದಿಲ್ಲ. ಆದರೆ ಒಳಗೆ ತೇವ ಮತ್ತು ಹುಳಿ ಜಾಸ್ತಿಯಾಗಿದೆ ಅನ್ನುವ ಸೂಚನೆ. ಒಣ ರಟ್ಟು ಸೇರಿಸಿ, ಮೊಟ್ಟೆಚಿಪ್ಪಿನ ನುಣ್ಣನೆ ಪುಡಿ ಉದುರಿಸಿದೆ. ಪುಡಿ ಹುಳಿಯನ್ನು ತಗ್ಗಿಸುತ್ತದೆ, ಹುಳುವಿನ ಹೊಟ್ಟೆಯಲ್ಲಿ ಆಹಾರ ಅರೆಯುವುದಕ್ಕೂ ನೆರವಾಗುತ್ತದೆ. ಈಗ ಒಳಗಿನ ಪದರವನ್ನು ಹಿಡಿದು ಹಿಂಡಿದರೆ ಒಂದೆರಡು ಹನಿ ಮಾತ್ರ ಬರುತ್ತದೆ. ಹಾಗೇ ಇರಬೇಕು.

ಖುಷಿಯ ಸುದ್ದಿ ಅಂದರೆ ಎರೆಹುಳುಗಳ ಮೊಟ್ಟೆಕೋಶಗಳು. ರಟ್ಟಿನ ಅಲೆಯಂಥ ಮಡಿಕೆಗಳೊಳಗೆ ಸಾಲಾಗಿ ಅಂಟಿಕೊಂಡಿದ್ದವು. ಒಂದೊಂದೂ ಸುಮಾರು 3 ಮಿಲಿಮೀಟರ್, ಎರಡೂ ತುದಿ ಚೂಪಾದ ನಿಂಬೆಯ ಆಕಾರ. ಹೊಸವು ತಿಳಿ ಹಳದಿ, ಒಡೆಯುವ ಹೊತ್ತಿಗೆ ಕೆಂಗಂದು. ಒಂದನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ: ಒಳಗೆ ಕೂದಲೆಳೆಯಷ್ಟು ತೆಳುವಾದದ್ದು ಮಿಸುಕುತ್ತಿತ್ತು. ಒಂದು ಕೋಶದಿಂದ ಒಂದಕ್ಕಿಂತ ಹೆಚ್ಚು ಮರಿ ಬರುವುದು ಮಾಮೂಲು.

ಗೊಬ್ಬರ ತೆಗೆಯುವುದು ಸುಲಭ, ತಾಳ್ಮೆ ಬೇಕು ಅಷ್ಟೇ. ದೀಪದ ಕೆಳಗೆ ಗುಡ್ಡೆ ಮಾಡಿಟ್ಟರೆ ಹುಳುಗಳು ಬೆಳಕಿಗೆ ಹೆದರಿ ಕೆಳಗಿಳಿಯುತ್ತವೆ. ಮೇಲಿನದನ್ನು ಕೆರೆದುಕೊಳ್ಳುವುದು, ಕಾಯುವುದು, ಮತ್ತೆ ಕೆರೆಯುವುದು. ಕುಂಡದ ಮಣ್ಣಿಗೆ ಐದನೇ ಒಂದು ಪಾಲಿಗಿಂತ ಹೆಚ್ಚು ಸೇರಿಸುವುದಿಲ್ಲ. ಬರೀ ಎರೆಗೊಬ್ಬರದಲ್ಲೇ ನೆಟ್ಟರೆ ನೀರು ಬಸಿಯದೆ ಬೇರಿಗೆ ಉಸಿರು ಕಟ್ಟುತ್ತದೆ. ಮೆಣಸಿನ ಸಸಿಗಳ ಹೊಸ ಎಲೆಗಳು ಅಗಲವಾಗಿ ಬರುತ್ತಿವೆ. ಗೊಬ್ಬರ ಹಾಕದ ಕುಂಡವನ್ನೂ ಪಕ್ಕದಲ್ಲೇ ಇಟ್ಟಿದ್ದೇನೆ, ಇಲ್ಲದಿದ್ದರೆ ಸುಮ್ನೆ ನನ್ನ ಕಣ್ಣಿನ ಭ್ರಮೆ ಅನ್ನಿಸಬಹುದು.

ಅಂದಹಾಗೆ, ಬಿತ್ತದೇ ಇದ್ದ ಟೊಮೇಟೊ ಗೊಬ್ಬರ ಹಾಕಿದ ಎಲ್ಲ ಕುಂಡಗಳಲ್ಲೂ ಎದ್ದಿದೆ. ಹುಳುಗಳ ಡಬ್ಬಿ ದೊಡ್ಡ ಕಾಂಪೋಸ್ಟ್ ರಾಶಿಯಷ್ಟು ಬಿಸಿಯಾಗುವುದಿಲ್ಲ, ಹಾಗಾಗಿ ಬೀಜ ಸಾಯುವುದಿಲ್ಲ. ಗಟ್ಟಿಯಾದ ಎರಡನ್ನು ಉಳಿಸಿಕೊಂಡು ಉಳಿದವನ್ನು ಕಿತ್ತು ಹುಳುಗಳಿಗೇ ಹಾಕಿದೆ.

ಮುಂದಿನ ಕೆಲಸ ಎರಡನೇ ತಟ್ಟೆ ಜೋಡಿಸುವುದು. ತಳದಲ್ಲಿ ತೂತು ಕೊರೆದಾಗಿದೆ, ನೆನೆಸಿದ ರಟ್ಟು ಹಾಸುವುದು ಬಾಕಿ. ಅಲ್ಲಿಯವರೆಗೆ ಫ್ರೀಜರಿನ ಕುಂಬಳಕಾಯಿ ತಿರುಳು ಅಲ್ಲೇ ಇರಲಿ.