ಚಹಾ ಅಂಗಡಿಯಲ್ಲಿ ಕುಳಿತ ಎಲೆಕ್ಟ್ರಾನುಗಳು

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ಹಮಾಲರ ಕಥೆ ಕಟ್ಟಿದ್ದೆ. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಎಪಿಎಂಸಿ ಪಕ್ಕದ ಓಣಿಯವರು. ಸೆಲ್ ಎಂದರೆ ಗೋದಾಮು, ಎಲೆಕ್ಟ್ರಾನುಗಳು ಹಮಾಲರು, ಮೂಟೆ ಎಂದರೆ ಶಕ್ತಿ, ಬಲ್ಬ್ ಎಂದರೆ ಅಂಗಡಿ. ಮೂಟೆ ಹೊತ್ತು ಹೋಗುವುದು, ಇಳಿಸುವುದು, ಬರಿಗೈಯಲ್ಲಿ ಮರಳುವುದು. ಇಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಹಿಂದಿನ ಬೆಂಚು ಆಕಳಿಸುತ್ತಿತ್ತು. ಒಂದು ಒಗ್ಗರಣೆ ಹಾಕಿದೆ: 'ದಣಿದ ಅರ್ಧ ಜನ ಬರುವಾಗ ಚಹಾ ಅಂಗಡಿಯಲ್ಲಿ ಕುಳಿತುಬಿಟ್ಟರು!' ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ಬೀಗಿದೆ.

ಮರುವಾರ ವಿಷಯ ಪರಿವೀಕ್ಷಕರು ಬಂದರು. ಪಾಠ ಯೋಜನೆಯಲ್ಲಿ 'ಕಥನ ವಿಧಾನ' ಎಂದಿರುವುದನ್ನು ಕಂಡು ಖುಷಿಯಾಗಿ, ಬಲ್ಬ್ ದಾಟಿದ ಮೇಲೆ ಪ್ರವಾಹ ಎಷ್ಟಿರುತ್ತದೆ ಎಂದು ಮಕ್ಕಳನ್ನು ಕೇಳಿದರು.

'ಅರ್ಧ, ಸರ್! ಉಳಿದದ್ದು ಚಹಾ ಅಂಗಡಿಯಲ್ಲಿ.'

ನನ್ನ ಕಿವಿ ಬಿಸಿಯಾಯಿತು. ವಿದ್ಯುತ್ ಮಂಡಲ ಜೋಡಿಸಿದೆ. ಬಲ್ಬಿನ ಈಚೆಗೆ ಪ್ರವಾಹ ಅಳೆಯುವ ಅಮ್ಮೀಟರ್: 0.2 ಆಂಪಿಯರ್. ಬಿಚ್ಚಿ ಆಚೆಗೆ ಜೋಡಿಸುವಾಗ ತಂತಿ ಎರಡು ಸಲ ಜಾರಿತು; ಯಾರೂ ಉಸಿರೆತ್ತಲಿಲ್ಲ. ಅಲ್ಲಿಯೂ 0.2. ಬದುಕಿದೆ ಎಂದುಕೊಂಡೆ. ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು: 'ಮೀಟರ್ ಕೆಟ್ಟಿದೆ, ಸರ್.'

ಅವಳನ್ನು ಬೈಯುವಂತಿರಲಿಲ್ಲ. ಮುಳ್ಳು ಅಂಟಿಕೊಂಡಾಗಲೆಲ್ಲ ಹಾಗೆಂದು ಜಾರಿಕೊಂಡವನು ನಾನೇ. 58 ಮಕ್ಕಳಿಗೆ ಅದೊಂದೇ ಅಮ್ಮೀಟರ್. ಹೊಸದು ಕೇಳಿದರೆ ಅನುದಾನವಿಲ್ಲ. ಕಥನ ವಿಧಾನದ ತರಬೇತಿಗೆ ಮಾತ್ರ ಪ್ರತಿ ವರ್ಷ ಇರುತ್ತದೆ.

ಪರಿವೀಕ್ಷಕರು ಬೋರ್ಡಿನ ಚಿತ್ರದತ್ತ ಕೈ ತೋರಿಸಿ ತಣ್ಣಗೆ ಕೇಳಿದರು: 'ಇದರಲ್ಲಿ ಚಹಾ ಅಂಗಡಿ ಎಲ್ಲಿದೆ, ಮೇಷ್ಟ್ರೇ?'

ಮರುದಿನ ಕಥೆಯನ್ನು ರಿಪೇರಿ ಮಾಡಿದೆ. ಅಮ್ಮೀಟರ್ ಎಣಿಸುವುದು ಸೆಕೆಂಡಿಗೆ ಎಷ್ಟು ಹಮಾಲರು ದಾಟಿದರೆಂದು. ವೋಲ್ಟ್‌ಮೀಟರ್ ತೋರಿಸುವುದು ತಲಾ ಎಷ್ಟು ಭಾರ ಇಳಿಸಿದರೆಂದು. ಕಡಿಮೆಯಾಗುವುದು ಮೂಟೆ, ಹಮಾಲನಲ್ಲ. ಅಷ್ಟರಲ್ಲಿ ಒಬ್ಬ ಪಠ್ಯಪುಸ್ತಕ ಎತ್ತಿ ಹಿಡಿದ. ಎಲೆಕ್ಟ್ರಾನುಗಳ ಸರಾಸರಿ ಚಲನೆ ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ಎಂದು ಅದರಲ್ಲಿದೆ. ಒಂದು ಮೀಟರ್ ತಂತಿ ದಾಟಲು ಹದಿನಾರು ನಿಮಿಷ ಮೀರುತ್ತದೆ, ಬಲ್ಬ್ ಮಾತ್ರ ಸ್ವಿಚ್ ಒತ್ತಿದ ಕೂಡಲೇ ಹೊತ್ತುತ್ತದೆ. 'ಹಮಾಲ ತಲುಪುವ ಮೊದಲೇ ಮೂಟೆ ಹೇಗೆ ಬಂತು, ಸರ್?'

ತಂತಿಯ ತುಂಬ ಮೊದಲೇ ಎಲೆಕ್ಟ್ರಾನುಗಳಿವೆ, ಸ್ವಿಚ್ ಒತ್ತಿದರೆ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಹೊರಡುತ್ತವೆ ಎಂದೆ. ಹಾಗಾದರೆ ಗೋದಾಮಿನಿಂದ ಹೊತ್ತು ತಂದವರಾರು? ಹಮಾಲರನ್ನು ಅಲ್ಲಿಗೇ ಬಿಟ್ಟು ಚಾಕ್ ಹಿಡಿದೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಬ್ಬ ಮಂಡಲದ ಚಿತ್ರದಲ್ಲಿ ಚಹಾ ಅಂಗಡಿ ಬರೆದು, ಅದರ ಮೇಲೆ ಗೀಟು ಹಾಕಿದ್ದ. ಗೀಟಿಗೆ ಅರ್ಧ ಅಂಕ ಕೊಟ್ಟೆ.